ಪುಸ್ತಕದ ಕೆರೆ, ಊರಿನ ಕುಂಟೆ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನೊಡನೆ ಬಾಣಸವಾಡಿಯ ನಮ್ಮ ಮನೆಗೆ ಬಂದಿದ್ದಳು. "ಸಾರ್, ಇವನಿಗೆ ಪರಿಸರದ ಬಗ್ಗೆ ಕನ್ನಡದಲ್ಲಿ ಯಾವ ಪುಸ್ತಕ ಕೊಡಿಸಲಿ?" ಎಂದು ಕೇಳಿದಳು. ಅಂದು ಅವಳಿಗೆ ಹೇಳಿದ್ದನ್ನೂ ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪರಿಸರ ವಿಜ್ಞಾನವೆಂಬುದು ಶಾಲೆಯ ಪಾಠವಾಗುವ ಬಹಳ ಮೊದಲೇ ಕನ್ನಡದ ಪುಸ್ತಕಗಳಿಗೆ ಬಂದಿತ್ತು. ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಮಕ್ಕಳ ಕೈಗಿತ್ತರು. ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಗಿಡಮರಗಳನ್ನು ಪರಿಚಯಿಸಿದ ಪುಸ್ತಕ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಹೊರಗಿನ ಪ್ರಪಂಚದಲ್ಲಿ 1962ರಲ್ಲಿ ರೇಚಲ್ ಕಾರ್ಸನ್ನರ 'ಸೈಲೆಂಟ್ ಸ್ಪ್ರಿಂಗ್' ಪ್ರಕಟವಾಗಿತ್ತು. ಮರಗಳಿಗೆ ಸಿಂಪಡಿಸಿದ ಡಿ.ಡಿ.ಟಿ. ಹುಳುವಿನಿಂದ ಹಕ್ಕಿಯ ದೇಹಕ್ಕೆ ಸೇರುವ ಬಗೆಯನ್ನು ಅದು ತೋರಿಸಿಕೊಟ್ಟಿತು. ನಮ್ಮಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ದೇಶದ ಪರಿಸರ ಸ್ಥಿತಿಯ ಕುರಿತು ನಾಗರಿಕರ ವರದಿಯನ್ನು ಹೊರತಂದಾಗ, ಅದನ್ನು ಕನ್ನಡಕ್ಕೆ ತಂದವರು ಎಂಬತ್ತರ ಆಸುಪಾಸಿನಲ್ಲಿದ್ದ ಅದೇ ಕಾರಂತರು. ನಾಗೇಶ ಹೆಗಡೆಯವರ 'ಇರುವುದೊಂದೇ ಭೂಮಿ', ತೇಜಸ್ವಿಯವರ 'ಪರಿಸರದ ಕತೆ', ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆ, ಇವೆಲ್ಲ ನನ್ನಂಥ ಮೇಷ್ಟರುಗಳಿಗೂ ಪಾಠ ಹೇಳಿದವು. ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ.

ಇಷ್ಟನ್ನು ಅವಳಿಗೆ ಹೇಳಿದೆ. ಹೇಳದೆ ಉಳಿದದ್ದು ಇದು.

1987ರಲ್ಲಿ ಬ್ರುಂಟ್‌ಲಂಡ್ ಆಯೋಗದ ವರದಿ ಬಂದ ಮೇಲೆ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಪ್ರಚಾರಕ್ಕೆ ಬಂದಿತು. ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು ಎಂದು ಅದರ ಅರ್ಥ. ನಾನು ಆ ವ್ಯಾಖ್ಯೆಯನ್ನು ಉತ್ಸಾಹದಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಆದರೆ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿ, ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದ ರೈತ, ಇವರು ಅದನ್ನೇ ಮಾಡುತ್ತಿದ್ದರೆಂದು ನನಗೆ ಹೊಳೆಯಲಿಲ್ಲ. ಬೆಂಗಳೂರಿನ ಕೆರೆಗಳೆಂದರೆ ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವ ಸರಪಳಿ. ಹೆಬ್ಬಾಳದ ನೀರು ನಾಗವಾರ, ಕಲ್ಕೆರೆ, ರಾಂಪುರಗಳ ಮೂಲಕ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಸೇರುವ ದಾರಿ ನಮ್ಮ ಬಾಣಸವಾಡಿಗೆ ದೂರವೇನಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದ ಕೆರೆಗಳನ್ನಾದರೂ ಕಾಪಾಡಿರೆಂದು 1980ರ ದಶಕದಲ್ಲಿಯೇ ಎನ್. ಲಕ್ಷ್ಮಣರಾವ್ ಸಮಿತಿ ವರದಿ ಕೊಟ್ಟಿತ್ತು.

ಆ ವರ್ಷಗಳಲ್ಲೊಮ್ಮೆ ನಾನು ತರಗತಿಯಲ್ಲಿ ಕೆರೆಗಳ ಉಪಯೋಗಗಳನ್ನು ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮನೆ ಹಿಂದಿನ ಕುಂಟೆಗೆ ಲಾರೀಲಿ ಮಣ್ಣು ಸುರೀತಾವ್ರೆ. ಅದೂ ಬರೀಬೇಕಾ?" ಎಂದ. ತರಗತಿಯೆಲ್ಲ ನಕ್ಕಿತು. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದೆ. ಸಂಜೆಯಾದರೂ ಹೋಗಿ ನೋಡಬಹುದಿತ್ತು, ಹೋಗಲಿಲ್ಲ. ಕೆಲವು ವರ್ಷಗಳ ನಂತರ ಅಲ್ಲಿ ಮನೆಗಳೆದ್ದವು. ಈಗ ಜೋರು ಮಳೆ ಬಂದರೆ ಆ ಬೀದಿಯಲ್ಲಿ ನೀರು ನಿಲ್ಲುತ್ತದೆ.

ವಿದ್ಯಾರ್ಥಿನಿಯ ಮಗನಿಗೆ 'ಪರಿಸರದ ಕತೆ'ಯನ್ನು ಕೊಟ್ಟು, ಜೊತೆಗೊಂದು ಪ್ರಶ್ನೆಯನ್ನೂ ಕೊಟ್ಟೆ: ನಿಮ್ಮ ಬೀದಿಯ ಮಳೆನೀರು ಕೊನೆಗೆ ಯಾವ ಕೆರೆಗೆ ಹೋಗುತ್ತದೆ? ಉತ್ತರ ಹುಡುಕಿ ಬಂದ ಮೇಲೆ ಎರಡನೆಯ ಪುಸ್ತಕ.

ಅಂದು ಎದ್ದು ನಿಂತಿದ್ದ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ ತಡವಾಗಿಯಾದರೂ ಉತ್ತರ ಹೇಳುತ್ತೇನೆ: ಹೌದಪ್ಪಾ, ಅದನ್ನೂ ಬರೆಯಬೇಕಿತ್ತು.