ಅಟ್ಟಣೆ (ಬೇಟೆಯ)

ಬೇಟೆಗಾರ ನೆಲ ಬಿಟ್ಟು ಮೇಲೆ, ಹೆಚ್ಚಾಗಿ ಮರದ ಮೇಲೆ, ಪ್ರಾಣಿ ಬರುವ ತನಕ ಅಡಗಿ ಕೂರಲು ಮಾಡಿಕೊಳ್ಳುವ ಜಾಗಕ್ಕೆ ಅಟ್ಟಣೆ ಎಂದು ಹೆಸರು. ಹಿಂದಿಯಿಂದ ಬಂದ ಮಚಾನು ಎಂಬ ಮಾತೂ ಕನ್ನಡದಲ್ಲಿ ರೂಢಿಯಲ್ಲಿದೆ. ಅದರ ಬೇರು ಸಂಸ್ಕೃತದ ಮಂಚ. ಗದ್ದೆ ಹೊಲ ಕಾಯುವವರು ಇಂಥದ್ದನ್ನೇ ಮಾಳ ಎನ್ನುತ್ತಾರೆ. ಉತ್ತರ ಕರ್ನಾಟಕದ ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವವರು ನಿಲ್ಲುವುದು ಮಂಚಿಗೆಯ ಮೇಲೆ. ಮಲೆನಾಡಿನಲ್ಲಿ ಹೀಗೆ ಅಡಗಿ ಕಾಯುವುದಕ್ಕೆ ಮರಸು ಕೂರುವುದು ಎಂಬ ಮಾತಿದೆ. ಜನ ಸೇರಿ ಹಳು ಸೋವಿ ಪ್ರಾಣಿಯನ್ನು ಕೋವಿಯ ಕಡೆಗೆ ಅಟ್ಟುವ ಬೇಟೆಗಿಂತ ಇದು ತೀರ ಬೇರೆ. ಇಲ್ಲಿ ಓಡಾಟವೆಲ್ಲ ಪ್ರಾಣಿಯದು, ಬೇಟೆಗಾರನದು ಕಾಯುವ ಕೆಲಸ. ಹಾಗಾಗಿ ಯಾವ ಮರ, ಎಷ್ಟು ಎತ್ತರ, ಎಂಥ ಅಟ್ಟಣೆ ಎಂದು ಗೊತ್ತುಮಾಡಿಕೊಳ್ಳುವುದರಲ್ಲೇ ಬೇಟೆಯ ಬಹುಪಾಲು ಅಡಗಿದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಈ ಬೇಟೆಗೆ ತಡೆ ಬಿತ್ತು. ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಯತ್ನಿಸುವುದೂ ಬೇಟೆಯೇ. ಈಗ ಅಟ್ಟಣೆಯ ಬೇಟೆ ದೊಡ್ಡ ಪ್ರಮಾಣದಲ್ಲಿ, ಕಾನೂನಿನ ಚೌಕಟ್ಟಿನೊಳಗೆ ನಡೆಯುವುದು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ. ಅಮೆರಿಕದಲ್ಲಿ ಅದರ ಮುಖ್ಯ ಗುರಿ ಬಿಳಿಬಾಲದ ಜಿಂಕೆ.

ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಬೆನ್ನ ಹಿಂದಿನ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಕೆಂಪು ಬಣ್ಣ ಅದಕ್ಕೆ ಸರಿಯಾಗಿ ತಿಳಿಯದು. ಅಲುಗಾಟ ಮಾತ್ರ ತಕ್ಷಣ ತಿಳಿಯುತ್ತದೆ. ಆದರೆ ಅದು ಅಪಾಯವನ್ನು ಹುಡುಕುವುದು ಹೆಚ್ಚಾಗಿ ನೆಲದ ಮಟ್ಟದಲ್ಲಿ. ಹದಿನೈದಿಪ್ಪತ್ತು ಅಡಿ ಮೇಲೆ ಕೂತವನು ಆ ನೋಟದ ಸಾಲಿನಿಂದ ತಪ್ಪಿಸಿಕೊಳ್ಳುತ್ತಾನೆ, ಪೊದೆಗಳ ಆಚೆಗೂ ಅವನಿಗೆ ಕಾಣುತ್ತದೆ. ಮೇಲಿನಿಂದ ಹೊಡೆದ ಗುಂಡು ನೆಲಕ್ಕೆ ಹೊಗುವುದರಿಂದ ದೂರದಲ್ಲಿ ಓಡಾಡುವವರಿಗೂ ಅಪಾಯ ಕಡಿಮೆ. ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಮಾತ್ರ ತಪ್ಪು. ಬಿಲ್ಲು ಹಿಡಿದವನು ವಿಪರೀತ ಮೇಲೆ ಕೂತರೆ ಬಾಣ ಕಡಿದಾಗಿ ಇಳಿದು ಎರಡು ಶ್ವಾಸಕೋಶಗಳ ಬದಲು ಒಂದನ್ನಷ್ಟೇ ಸೀಳುವ ಸಂಭವವಿದೆ. ಹಾಗೆ ಗಾಯಗೊಂಡ ಜಿಂಕೆ ಬಹುದೂರ ಓಡಿ, ಯಾರ ಕೈಗೂ ಸಿಗದೆ ನರಳಿ ಸಾಯಬಹುದು. ಪ್ರಾಣಿಯನ್ನು ನರಳಿಸಬಾರದೆಂಬ ಕಾಳಜಿ ಇರುವವನಿಗೆ ಎತ್ತರದ ಮಿತಿ ಗೊತ್ತುಮಾಡಲು ಇದೊಂದೇ ಕಾರಣ ಸಾಕು. 15ರಿಂದ 25 ಅಡಿಯೊಳಗೆ ಕೂರುವುದು ಸಾಮಾನ್ಯ ರೂಢಿ.

ಅಟ್ಟಣೆಗಿಂತ ಮೊದಲು ಆರಿಸಬೇಕಾದದ್ದು ಮರ, ಮರಕ್ಕಿಂತ ಮೊದಲು ಗಾಳಿ. ಕಣ್ಣು ತಪ್ಪಿಸಿದವನು ಮೂಗನ್ನು ತಪ್ಪಿಸಲಾರ. ಪ್ರಾಣಿಯ ಜಾಡಿನ ಕಡೆಯಿಂದ ತನ್ನ ಕಡೆಗೆ ಗಾಳಿ ಬೀಸುವ ಮರವನ್ನೇ ಹುಡುಕಬೇಕು. ಗುಡ್ಡದ ಸೀಮೆಯಲ್ಲಿ ಇಷ್ಟು ಸಾಲದು. ಬೆಳಗ್ಗೆ ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಂತೆ ಹಳ್ಳಕ್ಕೆ ಜಾರುತ್ತದೆ. ಮುಂಜಾನೆಗೆ ಒಪ್ಪುವ ಮರ ಸಂಜೆಗೆ ಕೈಕೊಡುತ್ತದೆ. ಇದನ್ನು ತಿಳಿಯಲು ಅಮೆರಿಕದ ಅನುಭವಿಗಳು ನಮ್ಮ ಎಕ್ಕದ ಕುಟುಂಬಕ್ಕೇ ಸೇರಿದ ಮಿಲ್ಕ್‌ವೀಡ್ ಗಿಡದ ಒಣಕಾಯಿಯನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಮರದ ಮೇಲಿಂದ ಒಂದೆಳೆ ಬಿಳಿ ನಾರು ಬಿಟ್ಟರೆ ಅದು ನೇರ ಕೆಳಗಿಳಿಯುವುದಿಲ್ಲ. ಒಂದಷ್ಟು ದೂರ ತೇಲಿ, ಕಾಣದ ಸುಳಿಗೆ ಸಿಕ್ಕಿ ತಿರುಗಿ, ಕೆಲವೊಮ್ಮೆ ಜಿಂಕೆಯ ದಾರಿಗೇ ಹೋಗಿ ಬೀಳುತ್ತದೆ. ಮೈವಾಸನೆಯೂ ಅದೇ ದಾರಿ ಹಿಡಿಯುತ್ತದೆ ಎಂದು ಆಗ ಗೊತ್ತಾಗುತ್ತದೆ.

ಮರದ ಕಾಂಡ ಕೂತವನ ಮೈಯಷ್ಟಾದರೂ ದಪ್ಪ ಇರಬೇಕು, ಇಲ್ಲವೇ ಒಂದೇ ಬುಡದಿಂದ ನಾಲ್ಕಾರು ಕವಲೊಡೆದಿರಬೇಕು. ಬೆನ್ನ ಹಿಂದೆ ಬರಿಯ ಆಕಾಶವಿದ್ದರೆ ಆಕೃತಿ ಎದ್ದು ಕಾಣುತ್ತದೆ. ಓಕ್ ಮರಗಳು ಶರತ್ಕಾಲದಲ್ಲೂ ಒಣಗಿದ ಎಲೆಯನ್ನು ಬಹುಕಾಲ ಹಿಡಿದುಕೊಂಡಿರುವುದರಿಂದ ಮರೆ ಸಿಗುತ್ತದೆ; ಅವುಗಳ ಕಾಯಿ ತಿನ್ನಲು ಜಿಂಕೆಗಳೂ ಬರುತ್ತವೆ. ಬಿಳಿ ಓಕಿನ ಕಾಯಿ ಒಗರು ಕಡಿಮೆಯಾದ್ದರಿಂದ ಅದರ ಮೇಲೆ ಹೆಚ್ಚು ಆಸೆ. ಮುಂಜಾನೆ ಕೂರುವವನು ಸೂರ್ಯನಿಗೆ ಮುಖಮಾಡುವ ಮರವನ್ನು ಬಿಡಬೇಕು. ಇಷ್ಟೆಲ್ಲ ಕೂಡಿಬಂದರೂ ಅಲ್ಲಿಗೆ ಹೋಗುವ ದಾರಿ ಜಿಂಕೆಯ ಜಾಡನ್ನು ದಾಟುವಂತಿದ್ದರೆ ಆ ಮರ ಪ್ರಯೋಜನವಿಲ್ಲ.

ಈಗ ಬಳಕೆಯಲ್ಲಿರುವ ಅಟ್ಟಣೆಗಳಲ್ಲಿ ಏಣಿಯ ಅಟ್ಟಣೆ ಎಲ್ಲಕ್ಕಿಂತ ಸುಲಭದ್ದು. ಮರಕ್ಕೆ ಒರಗಿಸಿ ಬಿಗಿದ ಉಕ್ಕಿನ ಏಣಿ, ಅದರ ತುದಿಯಲ್ಲೊಂದು ಕೂರುವ ಜಾಗ. ಭಾರವಾದ್ದರಿಂದ ನಿಲ್ಲಿಸಲು ಎರಡು ಮೂರು ಜನ ಬೇಕು, ಒಮ್ಮೆ ನಿಲ್ಲಿಸಿದರೆ ಹಂಗಾಮು ಮುಗಿಯುವ ತನಕ ಅಲ್ಲೇ. ಹೊಸಬರಿಗೂ ವಯಸ್ಸಾದವರಿಗೂ ಇದನ್ನೇ ಹೇಳಬೇಕು. ಕ್ಲೈಂಬರ್ ಎಂಬುದಕ್ಕೆ ಎರಡು ಭಾಗ, ಮೇಲೆ ಕೂರುವ ಚೌಕಟ್ಟು, ಕೆಳಗೆ ಪಾದ ಊರುವ ಚೌಕಟ್ಟು, ಎರಡೂ ಕಾಂಡವನ್ನು ಬಳಸಿ ಹಿಡಿಯುತ್ತವೆ. ಕೂತು ಕಾಲಿನಿಂದ ಕೆಳಗಿನದನ್ನು ಎಳೆದುಕೊಳ್ಳುವುದು, ನಿಂತು ಮೇಲಿನದನ್ನು ಏರಿಸುವುದು, ಹೀಗೆ ಹತ್ತುತ್ತ ಹೋಗಬೇಕು. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವ ಕೊನೆಗೌಡನನ್ನು ಕಂಡವರಿಗೆ ಈ ಲಯ ತಕ್ಷಣ ಅರ್ಥವಾಗುತ್ತದೆ. ಇದಕ್ಕೂ ಅಡಿಕೆಯಂತೆ ನೆಟ್ಟಗಿನ, ಕೊಂಬೆಯಿಲ್ಲದ ಕಾಂಡವೇ ಬೇಕು. ನಸುಕಿನ ನಿಶ್ಶಬ್ದದಲ್ಲಿ ತೊಗಟೆಗೆ ಲೋಹ ಉಜ್ಜುವ ಕರಕರ ಸದ್ದು ಇದರ ದೊಡ್ಡ ದೋಷ. ಹ್ಯಾಂಗ್‌ಆನ್ ಚಿಕ್ಕದು, ಹಗುರ, ಸೊಟ್ಟ ಮರಕ್ಕೂ ಬಿಗಿಯಬಹುದು. ಹತ್ತಲು ಬೇರೆ ಮೆಟ್ಟಿಲುಗಳನ್ನು ಕಟ್ಟಬೇಕು. ಅಡಗಲು ಇದು ಒಳ್ಳೆಯದಾದರೂ ಮೆಟ್ಟಿಲಿನಿಂದ ಹಲಗೆಗೆ ಕಾಲಿಡುವ ಆ ಒಂದು ಹೆಜ್ಜೆಗೆ ಅಭ್ಯಾಸ ಬೇಕು. ಮರ ಸವರುವವರ ಸೊಂಟಪಟ್ಟಿಯಿಂದ ಬೆಳೆದ ಸ್ಯಾಡಲ್‌ನಲ್ಲಿ ಬೇಟೆಗಾರ ಕಾಂಡಕ್ಕೆ ಮುಖಮಾಡಿ ಬಟ್ಟೆಯ ಜೋಲಿಯಲ್ಲಿ ತೂಗಿ ಕೂರುತ್ತಾನೆ, ಕಾಂಡವೇ ಅವನಿಗೆ ಮರೆ. ಮರವಿಲ್ಲದ ಬಯಲಿಗೆ ಮುಕ್ಕಾಲಿ ಗೋಪುರಗಳಿವೆ. ಜರ್ಮನಿಯ ಕಾಡಂಚಿನಲ್ಲಿ ಕಾಣುವ ಮರದ ಹೋಖ್‌ಜಿಟ್ಸ್‌ಗೆ ಹಲವೆಡೆ ಮಾಡೂ ಇರುತ್ತದೆ.

ಅಮೆರಿಕದಲ್ಲಿ ಮಾರುವ ಅಟ್ಟಣೆಗಳ ಮೇಲೆ ತಾಳುವ ಭಾರವನ್ನು ಬರೆದಿರುತ್ತಾರೆ. ಸಾಮಾನ್ಯವಾಗಿ ಅದು 300 ಪೌಂಡ್, ಅಂದರೆ ಸುಮಾರು 136 ಕಿಲೋ. ಅದರಲ್ಲಿ ಮೈತೂಕದ ಜೊತೆಗೆ ಚಳಿಯ ಬಟ್ಟೆ, ಚೀಲ, ಕೋವಿ ಎಲ್ಲ ಸೇರಿತು. ಮರ ಬೆಳೆಯುತ್ತದೆ ಎಂಬುದನ್ನೂ ಮರೆಯಬಾರದು. ವರ್ಷಗಟ್ಟಲೆ ಬಿಗಿದು ಬಿಟ್ಟ ಪಟ್ಟಿ ಕಾಂಡ ದಪ್ಪವಾದಂತೆ ಒಳಗೊಳಗೇ ಹರಿಯುತ್ತದೆ, ಬಿಸಿಲು ಅದನ್ನು ಇನ್ನಷ್ಟು ಸೊರಗಿಸುತ್ತದೆ. ಹಳೆಯ ಪಟ್ಟಿಯನ್ನು ನಂಬುವುದಕ್ಕಿಂತ ಬದಲಾಯಿಸುವುದು ಕ್ಷೇಮ.

ಈ ಬೇಟೆಯಲ್ಲಿ ಬೇಟೆಗಾರನ ಜೀವಕ್ಕೆ ಮುಖ್ಯ ಅಪಾಯ ಕೆಳಗೆ ಬೀಳುವುದು. ಹತ್ತುವಾಗ, ಇಳಿಯುವಾಗ, ಹಲಗೆಗೆ ಕಾಲಿಡುವಾಗ, ಕೂತಲ್ಲೇ ತೂಕಡಿಸಿದಾಗ ಜನ ಬೀಳುತ್ತಾರೆ. ಬೆನ್ನುಮೂಳೆ ಮುರಿದು ಉಳಿದ ಬದುಕನ್ನು ಗಾಲಿಕುರ್ಚಿಯಲ್ಲಿ ಕಳೆಯುವವರಿದ್ದಾರೆ. ಹಿಂದೆ ಎದೆಗೋ ಸೊಂಟಕ್ಕೋ ಒಂದು ಬೆಲ್ಟ್ ಕಟ್ಟಿಕೊಳ್ಳುತ್ತಿದ್ದರು. ಬಿದ್ದಾಗ ಅದೇ ಉಸಿರು ಕಟ್ಟಿಸುತ್ತಿತ್ತು. ಈಗ ಭುಜ, ಎದೆ, ತೊಡೆಗಳನ್ನು ಬಳಸುವ ಪೂರ್ತಿ ಮೈಯ ಸರಂಜಾಮು ಬಂದಿದೆ. ಅದನ್ನು ಅಟ್ಟಣೆಗಿಂತ ಮೇಲೆ ಕಾಂಡಕ್ಕೆ ಬಿಗಿದು ನೆಲದವರೆಗೆ ಇಳಿಬಿಟ್ಟ ಹಗ್ಗಕ್ಕೆ, ಕೈಯಿಂದ ಸರಿಸಿದರೆ ಜಾರುವ, ಭಾರ ಬಿದ್ದರೆ ಬಿಗಿಯುವ ಗಂಟಿನಿಂದ ಸೇರಿಸಿಕೊಂಡರೆ ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವ ತನಕ ಹಿಡಿತ ತಪ್ಪುವುದಿಲ್ಲ. ಬಿದ್ದು ನೇತಾಡುವಾಗಲೂ ತೊಡೆಯ ಪಟ್ಟಿ ರಕ್ತದ ಓಟವನ್ನು ತಡೆಯುತ್ತದೆ. ಆಗ ಪಾದ ಊರಿ ಭಾರ ಇಳಿಸಲು ಒಂದು ಕುಣಿಕೆ ಜೇಬಿನಲ್ಲಿರಲೇಬೇಕು. ಕೋವಿಯನ್ನು ಹೆಗಲಿಗೆ ಹಾಕಿ ಹತ್ತಬಾರದು. ತೋಟೆ ತೆಗೆದು ಹಗ್ಗಕ್ಕೆ ಕಟ್ಟಿಟ್ಟು, ಮೇಲೆ ಭದ್ರವಾಗಿ ಕೂತ ಮೇಲೆ ಎಳೆದುಕೊಳ್ಳಬೇಕು.

ಭಾರತದ ಮಚಾನಿನ ಲೆಕ್ಕಾಚಾರವೇ ಬೇರೆಯಾಗಿತ್ತು. ಹುಲಿ ತನ್ನ ಬೇಟೆಗೆ ಹೆಚ್ಚಾಗಿ ನೆಚ್ಚುವುದು ಕಣ್ಣು ಕಿವಿಗಳನ್ನು, ಮೂಗನ್ನಲ್ಲ. ಆದ್ದರಿಂದ ಇಲ್ಲಿ ಗಾಳಿಗಿಂತ ಸದ್ದಿಗೆ ಮಹತ್ವ. ಹುಲಿ ಕೊಂದ ದನದ ಹತ್ತಿರದ ಮರಕ್ಕೆ ಹಗ್ಗದ ಮಂಚ ಬಿಗಿದು, ಅದೇ ಮರದ ಸೊಪ್ಪಿನಿಂದ ಮರೆ ಕಟ್ಟುತ್ತಿದ್ದರು. ಬೇರೆ ಜಾತಿಯ ಸೊಪ್ಪಾದರೆ ಎದ್ದು ಕಾಣುತ್ತದೆ. ತೇಗ ಬೇಸಿಗೆಯಲ್ಲಿ ಬೋಳಾಗುವುದರಿಂದ ಅದರಲ್ಲಿ ಮರೆಯಿಲ್ಲ, ಆದರೆ ಕೆಳಗೆ ಹಾಸಿದ ತರಗೆಲೆ ಪ್ರಾಣಿಯ ಬರವನ್ನು ಮೊದಲೇ ಹೇಳುತ್ತದೆ. ಬೂರುಗದ ಕಾಂಡಕ್ಕೆ ಮುಳ್ಳು. ಮಾವು ಮರೆಗೂ ಕವಲಿಗೂ ಚೆಂದ, ಆದರೆ ಚಗಳಿ ಇರುವೆ ಎಲೆ ಹೊಲಿದು ಗೂಡು ಕಟ್ಟಿದೆಯೇ ಎಂದು ಹಗಲಲ್ಲೇ ನೋಡಿಕೊಳ್ಳಬೇಕು. ಕತ್ತಲಾದ ಮೇಲೆ ಅವು ಕುತ್ತಿಗೆಗೆ ಇಳಿದರೆ ಕೈ ಅಲುಗಿಸದೆ ಕೂರಬಲ್ಲವರು ಯಾರೂ ಇಲ್ಲ. 125 ಜನರನ್ನು ಕೊಂದಿತ್ತೆಂದು ದಾಖಲಾದ ರುದ್ರಪ್ರಯಾಗದ ಚಿರತೆಯನ್ನು ಬೇಟೆಗಾರ ಜಿಮ್ ಕಾರ್ಬೆಟ್ 1926ರ ಮೇ ತಿಂಗಳಲ್ಲಿ ಹೊಡೆದದ್ದು ಗೋಲಾಬ್ರಾಯ್‌ನ ಮಾವಿನ ಮರದ ಮೇಲಿಂದಲೇ. ಚಿರತೆ ಮರ ಹತ್ತಬಲ್ಲದ್ದರಿಂದ ಅಂಥ ಸಂದರ್ಭದಲ್ಲಿ ಎತ್ತರವೊಂದೇ ರಕ್ಷಣೆಯಾಗದು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಇಂಥ ರಾತ್ರಿಗಳ ಕಥೆಗಳು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಕನ್ನಡದ ಮನೆಮನೆಗೂ ಬಂದವು.

ಕೋವಿ ಇಳಿದ ಮೇಲೂ ಅಟ್ಟಣೆ ಉಳಿದಿದೆ. ಕಾಡಂಚಿನ ರೈತರು ಆನೆ ಹಂದಿಗಳಿಂದ ಬೆಳೆ ಕಾಯಲು ಈಗಲೂ ರಾತ್ರಿಯಿಡೀ ಅದರ ಮೇಲೆ ಕೂರುತ್ತಾರೆ. ಮಹಾರಾಷ್ಟ್ರದ ಕಾಡುಗಳಲ್ಲಿ ಬುದ್ಧಪೂರ್ಣಿಮೆಯ ಬೆಳದಿಂಗಳಲ್ಲಿ ನೀರಿನ ಹೊಂಡಗಳ ಪಕ್ಕದ ಮಚಾನುಗಳನ್ನು ಹತ್ತಿದವರು ನೀರಿಗೆ ಬರುವ ಪ್ರಾಣಿಗಳನ್ನು ಒಂದೊಂದಾಗಿ ಎಣಿಸಿ ಬರೆದಿಡುತ್ತಾರೆ.