ರಾಜಪಿಪ್ಲಾದ ತಂದೆ ಮತ್ತು ಮಗ

ಮಗನಿಗೂ ತಮಗೂ ಇನ್ನು ಯಾವ ಸಂಬಂಧವೂ ಇಲ್ಲವೆಂಬ ಪ್ರಕಟಣೆಗಳನ್ನು ನಾವು ಪತ್ರಿಕೆಯ ಮೂಲೆಯಲ್ಲಿ ಆಗೀಗ ಕಾಣುತ್ತೇವೆ. ಆಸ್ತಿ ಜಗಳವಿರಬೇಕೆಂದು ಪುಟ ತಿರುವಿಬಿಡುತ್ತೇವೆ. 2006ರಲ್ಲಿ ಗುಜರಾತಿನಲ್ಲಿ ಅಂಥದೊಂದು ಪ್ರಕಟಣೆ ಹೊರಡಿಸಿದ್ದು ಒಂದು ರಾಜಮನೆತನ.

ರಾಜಪಿಪ್ಲಾ ಗೋಹಿಲ್ ರಜಪೂತರ ಸಂಸ್ಥಾನವಾಗಿತ್ತು. ಅದರ ಮಹಾರಾಜ ವಿಜಯಸಿಂಹರ ಕುದುರೆ 1934ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, 1971ರಲ್ಲಿ ರಾಜಧನವೂ ನಿಂತಿತು. ಉಳಿದದ್ದು ಹೆಸರು. ಹೆಸರೊಂದೇ ಉಳಿದಾಗ ಅದನ್ನು ಕಾಯುವ ಆತಂಕ ಇನ್ನೂ ಹೆಚ್ಚು. ವಿಜಯಸಿಂಹರ ಮೊಮ್ಮಗ ರಘುಬೀರ್ ಸಿಂಗ್ ಹೊತ್ತದ್ದು ಈ ಹೊರೆಯನ್ನೇ.

ಅವರ ಮಗ ಮಾನವೇಂದ್ರ ಸಿಂಗ್ ಹುಟ್ಟಿದ್ದು 1965ರಲ್ಲಿ. 1991ರಲ್ಲಿ ಝಾಬುವಾದ ರಾಜಕುಮಾರಿಯೊಂದಿಗೆ ಮದುವೆ, ಮರುವರ್ಷವೇ ವಿಚ್ಛೇದನ. ಮದುವೆಯಾದರೆ ಎಲ್ಲ ಸರಿಹೋಗುತ್ತದೆಂದು ಅವರೂ ನಂಬಿದ್ದರು. ಏನೂ ತಪ್ಪು ಮಾಡದ ಹೆಣ್ಣುಮಗಳೊಬ್ಬರು ಆ ನಂಬಿಕೆಗೆ ಬೆಲೆ ತೆತ್ತರು. ಇಂಥ ಕಥೆಗಳಲ್ಲಿ ಆಕೆಯನ್ನು ನೆನೆಯುವವರು ಕಡಿಮೆ. 2002ರಲ್ಲಿ ಮಾನವೇಂದ್ರ ಮನಸ್ಸು ಕುಸಿದು ಆಸ್ಪತ್ರೆ ಸೇರಿದಾಗ, ಅವರು ಸಲಿಂಗಿ ಎಂದು ಹೆತ್ತವರಿಗೆ ತಿಳಿಸಿದ್ದು ವೈದ್ಯರು. ಹೆತ್ತವರು ಅದನ್ನು ರೋಗವೆಂದೇ ಬಗೆದು ಮದ್ದು ಹುಡುಕಿ ಅಲೆದರು.

ನಾಲ್ಕು ವರ್ಷ ಗುಟ್ಟು ಮನೆಯೊಳಗೇ ಇತ್ತು. 2006ರ ಮಾರ್ಚಿನಲ್ಲಿ ಗುಜರಾತಿ ದಿನಪತ್ರಿಕೆಯೊಂದಕ್ಕೆ ಮಗ ಎಲ್ಲವನ್ನೂ ಹೇಳಿದರು. ಊರಲ್ಲಿ ಅವರ ಪ್ರತಿಕೃತಿ ಸುಟ್ಟರು. ಹೆತ್ತವರು ಮಗನ ಹಕ್ಕು ರದ್ದೆಂದು ಸಾರಿದರು. ಆ ತಂದೆಯನ್ನು ಕಲ್ಲೆದೆಯವನೆಂದು ಬಿಡುವುದು ಸುಲಭ. ಆದರೆ 1860ರ ದಂಡಸಂಹಿತೆಯ 377ನೇ ವಿಧಿ ಆಗಿನ್ನೂ ಜಾರಿಯಲ್ಲಿತ್ತು. ಸಮ್ಮತಿಯಿಂದ ಕೂಡಿದ ವಯಸ್ಕರ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಕಾನೂನು, ಕುಲ, ಬೀದಿ ಮೂರೂ ಒಂದೇ ಮಾತಾಡುತ್ತಿದ್ದಾಗ ಆ ತಂದೆ ಬೇರೆ ಮಾತನ್ನು ಕಲಿಯಬೇಕಿದ್ದುದು ಎಲ್ಲಿಂದ?

ನಮಗೆ ಮುಖ್ಯವಾಗಿ ಕಾಣುವುದು ಮಗನ ನಡೆ. ತನ್ನ ವಿರುದ್ಧ ನಿಂತವರದು ಅಜ್ಞಾನವೇ ಹೊರತು ದ್ವೇಷವಲ್ಲ ಎಂದರು. ಮನೆತನದ ಕರ್ತವ್ಯಗಳನ್ನೂ ಬಿಡಲಿಲ್ಲ. 2008ರ ಜನವರಿಯಲ್ಲಿ ನರ್ಮದಾ ತೀರದ ಹನುಮಂತೇಶ್ವರದಲ್ಲಿ ಮುತ್ತಜ್ಜ ವಿಜಯಸಿಂಹರ ವಾರ್ಷಿಕ ಸ್ಮರಣೆ ನೆರವೇರಿಸಿ, ಪರಂಪರೆ ಮುಂದುವರಿಯಲು ಮಗುವೊಂದನ್ನು ದತ್ತು ಪಡೆಯುವುದಾಗಿ ಹೇಳಿದರು. ವಂಶ ನಿಂತುಹೋಗುವುದೆಂಬ ತಂದೆಯ ಭಯವನ್ನು ಮಗ ಅರಿತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ದತ್ತು ರಾಜಮನೆತನಗಳಿಗೆ ಹೊಸದೇನಲ್ಲ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಮರಳಿಸಿದ್ದೂ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೇ.

ಮೆಲ್ಲಮೆಲ್ಲನೆ ತಂದೆ ಮಗ ಮತ್ತೆ ಒಂದಾದರು. 2018ರಲ್ಲಿ ಮಾನವೇಂದ್ರ ಅದೇ ಹನುಮಂತೇಶ್ವರದ 15 ಎಕರೆ ಅರಮನೆ ಆವರಣವನ್ನು, ತಮ್ಮ ಹಾಗೆಯೇ ಮನೆಯವರು ಕೈಬಿಟ್ಟ ಮಕ್ಕಳ ಆಸರೆಗಾಗಿ ತೆರೆದಿಡುವುದಾಗಿ ಪ್ರಕಟಿಸಿದರು.