ಎಲಿ ವಿಟ್ನಿಯ ಹತ್ತಿ ಜಿನ್ನಿಂಗ್ ಯಂತ್ರ

ಹತ್ತಿ ಜಿನ್ನಿಂಗ್ ಯಂತ್ರವು ಹತ್ತಿಯ ಎಳೆಗಳಿಂದ ಬೀಜವನ್ನು ಬೇರ್ಪಡಿಸುವ ಸಾಧನ. ಅಮೆರಿಕದ ಎಲಿ ವಿಟ್ನಿ (1765–1825) ರೂಪಿಸಿದ ಯಂತ್ರಕ್ಕೆ 1794ರ ಮಾರ್ಚ್ 14ರಂದು ಪೇಟೆಂಟ್ ದೊರೆಯಿತು.

ಕಾರ್ಯವಿಧಾನ
ತಿರುಗುವ ಉರುಳೆಯ ತಂತಿಹಲ್ಲುಗಳು ಎಳೆಗಳನ್ನು ಕಿರಿದಾದ ಸೀಳುಗಳ ಮೂಲಕ ಸೆಳೆಯುತ್ತವೆ. ಬೀಜಗಳು ತೂರಲಾರದೆ ಹಿಂದುಳಿಯುತ್ತವೆ. ಇನ್ನೊಂದು ಉರುಳೆಯ ಕುಂಚಗಳು ಹಲ್ಲುಗಳಿಗೆ ಅಂಟಿದ ಅರಳೆಯನ್ನು ಬಿಡಿಸುತ್ತವೆ.

ಪೇಟೆಂಟ್ ವಿವಾದ
ವಿಟ್ನಿ ಮತ್ತು ಪಾಲುದಾರ ಫಿನಿಯಸ್ ಮಿಲ್ಲರ್ ಯಂತ್ರವನ್ನು ಮಾರದೆ, ಹತ್ತಿಯ ಐದರಲ್ಲಿ ಎರಡು ಪಾಲನ್ನು ಶುಲ್ಕವಾಗಿ ಕೇಳಿದರು. ಒಪ್ಪದ ಬೆಳೆಗಾರರು ಯಂತ್ರವನ್ನು ನಕಲು ಮಾಡಿಕೊಂಡರು. ನ್ಯಾಯಾಲಯವು 1807ರಲ್ಲಿ ಪೇಟೆಂಟನ್ನು ಎತ್ತಿಹಿಡಿಯಿತಾದರೂ, ಅಷ್ಟರಲ್ಲಿ ಅದರ 14 ವರ್ಷಗಳ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣದ ಕೋರಿಕೆಯನ್ನು ಅಮೆರಿಕದ ಸಂಸತ್ತು ನಿರಾಕರಿಸಿತು.

ಪರಿಣಾಮ
ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬೇಸಾಯವು ಹಬ್ಬಿತು. ಬೀಜ ಬಿಡಿಸುವ ಶ್ರಮ ತಗ್ಗಿದರೂ ಹೊಲದ ದುಡಿಮೆ ಹೆಚ್ಚಿದ ಕಾರಣ, ಗುಲಾಮಗಿರಿಯು ಇನ್ನಷ್ಟು ಬೇರೂರಿತು.